ಮೂರು ಸಲ ವಾಪಸ್ ಬಂದ ವಿಶೇಷ ವರದಿ ಸರಿಯಾದದ್ದು ಹೀಗೆ

ಪತ್ರಿಕೋದ್ಯಮ ಕೋರ್ಸಿಗೆ ಕಲಬುರಗಿ ತೊಗರಿಯ ನೆಟೆ ರೋಗದ (ಗಿಡ ಬಾಡಿ ಒಣಗಿಹೋಗುವ ರೋಗ) ಮೇಲೆ 1,200 ಪದಗಳ ವಿಶೇಷ ವರದಿ ಬರೆಯಬೇಕಿತ್ತು. ಮೂರು ಸಲ ವಾಪಸ್ ಬಂತು. ಪ್ರತಿ ಸಲವೂ ಒಂದೇ ಷರಾ: "ಇದು ಪ್ರಬಂಧ."

ಮೊದಲು ಅಂಕಿಅಂಶ ತುಂಬಿದೆ. ಆಗಲಿಲ್ಲ. 'ತೊಗರಿಯ ಕಣಜ' ಅಂತ ಶುರು ಮಾಡಿ 2019ರ ಜಿಐ ಟ್ಯಾಗ್‌ವರೆಗೆ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಇತಿಹಾಸ ಬರೆದೆ; ಓದುಗ ಹೊಲ ತಲುಪುವಷ್ಟರಲ್ಲಿ ನಾಲ್ಕು ಪ್ಯಾರಾ ಮುಗಿದಿತ್ತು. ಇನ್ನೂ ಐದು ಜನ ರೈತರನ್ನು ಮಾತಾಡಿಸಿದೆ. ಎಲ್ಲರದೂ "ಬೆಳಿ ಹೋಯ್ತು", ಅಷ್ಟೇ.

ಕೊನೆಗೆ ಪ್ರಶ್ನೆಯನ್ನು ಕಿರಿದು ಮಾಡಿದೆ. 'ನೆಟೆ ರೋಗ' ಅನ್ನೋದು ಬರೀ ವಿಷಯ, ಪ್ರಶ್ನೆಯಲ್ಲ ಅಲ್ವಾ? ಹಾಳೆ ಮೇಲೆ ಒಂದೇ ಸಾಲು ಬರೆದೆ: ರೋಗ ಮಣ್ಣಲ್ಲೇ ಉಳಿಯುತ್ತದೆ ಅಂತ ಗೊತ್ತಿದ್ದೂ ಅದೇ ಹೊಲಕ್ಕೆ ಮತ್ತೆ ತೊಗರಿ ಯಾಕೆ? ಇದಕ್ಕೆ ಸಂಬಂಧಪಡದ ಪ್ಯಾರಾ ಎಲ್ಲ ತೆಗೆದೆ. ಅರ್ಧಕ್ಕರ್ಧ ಹೋಯಿತು.

ಆಮೇಲೆ ಆ ರೈತರಲ್ಲೊಬ್ಬರ ಹತ್ತಿರ ಮತ್ತೆ ಹೋದೆ, ಈ ಸಲ ಹೊಲಕ್ಕೇ. "ಕಾಕಾ, ಒಂದು ಗಿಡ ಕಿತ್ತು ತೋರಸ್ರಿ" ಅಂದೆ. ಕಾಂಡ ಸೀಳಿದರು. ಒಳಗೆ ಉದ್ದಕ್ಕೂ ಕಪ್ಪು ಗೆರೆ. "ಮ್ಯಾಲ ಹಸರ ಕಾಣ್ತದ, ಒಳಗ ಮುಗದದ ನೋಡು ತಮ್ಮಾ."

ಕೊನೆಯ ಕ್ರಮ ಇದು. ಸೀಳಿದ ಕಾಂಡ ಮೊದಲು, 80 ಪದ. ಎರಡನೇ ಪ್ಯಾರಾದಲ್ಲೇ ಆ ಪ್ರಶ್ನೆ, 50 ಪದ ಮೀರದಂತೆ. ಮೂರನೆಯದರಲ್ಲಿ ಫ್ಯೂಸೇರಿಯಂ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಹರಿಯುವ ದಾರಿ ಕಟ್ಟುವುದು; ಕೃಷಿ ವಿಜ್ಞಾನಿಯ ಮಾತು ಇಲ್ಲಿ ಮಾತ್ರ. ನಂತರ ಬೆಳೆ ಬದಲಿಸಿದರೆ ಮಾರುವುದೆಲ್ಲಿ ಅನ್ನುವ ರೈತರ ಲೆಕ್ಕ, ಇದಕ್ಕೇ ಜಾಸ್ತಿ ಜಾಗ. ಜಿಐ ಒಂದೇ ಸಾಲು, ಕೆಳಗೆ. ಒಂದು ಪ್ಯಾರಾಕ್ಕೆ ಒಂದೇ ಅಂಕಿ.

ನಾಲ್ಕನೇ ಪ್ರತಿ ವಾಪಸ್ ಬರಲಿಲ್ಲ.