ಎರಡು ಬಾಟಲಿ ಇಟ್ಟುಕೊಳ್ಳಿ

ಕುತ್ತಿಗೆಯ ಗಡ್ಡೆ ತೆಗೆಯಲಿಕ್ಕುಂಟು ಎಂದು ಸರ್ಜನ್‌ಗಳು ಫೋನ್ ಮಾಡಿದರೆ ನಾನು ಮೊದಲು ಹೇಳುವುದು ಇದನ್ನೇ: ಎರಡು ಬಾಟಲಿ ಇಟ್ಟುಕೊಳ್ಳಿ. ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ನಾರ್ಮಲ್ ಸಲೈನ್. ಫಾರ್ಮಲಿನ್‌ಗೆ ಬಿದ್ದ ತುಂಡಿನ ಜೀವಕೋಶಗಳು ಕೊಳೆಯದೆ ಇದ್ದ ಹಾಗೇ ನಿಲ್ಲುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಲು ಅದು ಬೇಕೇ ಬೇಕು. ಆದರೆ ಅದೇ ಫಾರ್ಮಲಿನ್ ಟಿಬಿಯ ರೋಗಾಣುಗಳನ್ನೂ ಕೊಲ್ಲುತ್ತದೆ. ತೆಗೆದದ್ದನ್ನೆಲ್ಲ ಒಂದೇ ಬಾಟಲಿಗೆ ಹಾಕಿಬಿಟ್ಟರೆ ಆಮೇಲೆ ಕಲ್ಚರ್ ಮಾಡಲು, ಅಂದರೆ ರೋಗಾಣುಗಳನ್ನು ಬೆಳೆಸಿ ನೋಡಲು, ಏನೂ ಉಳಿಯುವುದಿಲ್ಲ. ರೋಗಿಯನ್ನು ಮತ್ತೆ ಮೇಜಿನ ಮೇಲೆ ಮಲಗಿಸಬೇಕಾಗುತ್ತದೆ.

ನಾನು ಕಾಸರಗೋಡಿನಲ್ಲಿ ಪೆಥಾಲಜಿಸ್ಟ್, ಅಂದರೆ ದೇಹದಿಂದ ತೆಗೆದ ತುಂಡು, ಜೀವಕೋಶಗಳನ್ನು ನೋಡಿ ರೋಗ ಗುರುತಿಸುವ ಡಾಕ್ಟರ್. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ, ಉಪ್ಪಳದ ಕಡೆಯವರು ನಮ್ಮ ಲ್ಯಾಬಿಗೆ ಬರುತ್ತಾರೆ. ಹೆಚ್ಚಿನವರ ಕೈಯಲ್ಲಿ ಸ್ಕ್ಯಾನಿನ ದೊಡ್ಡ ಕವರ್ ಇರುತ್ತದೆ, ರಕ್ತಪರೀಕ್ಷೆಯ ಕಾಗದಗಳ ಕಟ್ಟು ಇರುತ್ತದೆ. ಚೀಟಿಯಲ್ಲಿ ಮಾತ್ರ ‘ಕುತ್ತಿಗೆ ಗಡ್ಡೆ, ಎಫ್‌ಎನ್‌ಎಸಿ’ ಎಂದಷ್ಟೇ ಬರೆದಿರುತ್ತದೆ. ಎಫ್‌ಎನ್‌ಎಸಿ ಎಂದರೆ ಸಣ್ಣ ಸೂಜಿಯಿಂದ ಗಡ್ಡೆಯ ಜೀವಕೋಶ ತೆಗೆದು ನೋಡುವುದು. ಹಾಗಾಗಿ ಸೂಜಿ ಹಿಡಿಯುವ ಮೊದಲು ನಾನೇ ಕುಳಿತು ಕೇಳುತ್ತೇನೆ. ಸಂಜೆ ಹೊತ್ತು ಜ್ವರ ಬರುತ್ತದಾ? ತೂಕ ಇಳಿದಿದೆಯಾ? ಮನೆಯಲ್ಲಿ ಯಾರಾದರೂ ಟಿಬಿಯ ಮಾತ್ರೆ ತಿಂದದ್ದುಂಟಾ? ಅಜ್ಜಿಯಂದಿರಲ್ಲಿ ತುಳುವಿನಲ್ಲಿ ಕೇಳಿದರೆ ಇನ್ನೂ ನಾಲ್ಕು ವಿಷಯ ಹೊರಗೆ ಬರುತ್ತದೆ.

ಆಮೇಲೆ ಬಾಯಿ ತೆರೆಯಲು ಹೇಳುತ್ತೇನೆ. ದವಡೆಯ ಕೆಳಗಿನ ಗಡ್ಡೆಗೆ ಮೂಲ ಎಷ್ಟೋ ಸಲ ಕೆನ್ನೆಯ ಒಳಗೇ ಇರುತ್ತದೆ. ಅಡಿಕೆ ಬೆಳೆದೇ ಬದುಕುವ ಊರಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು: ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯನ್ನೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಪದರ ಬಿಗಿದು, ಬಾಯಿ ಎರಡು ಬೆರಳಗಲ ತೆರೆಯಲೂ ಆಗದವರು ಬರುತ್ತಾರೆ. ಎಡಗಡೆ ಕೊರಳೆಲುಬಿನ ಮೇಲಿನ ಗಡ್ಡೆಯಾದರೆ ಬಾಯಿಗಿಂತ ಹೊಟ್ಟೆಯ ಕಡೆ ನನ್ನ ಗಮನ ಹೋಗುತ್ತದೆ, ಏಕೆಂದರೆ ಜಠರದ ಕ್ಯಾನ್ಸರ್ ಅಲ್ಲಿಗೆ ಹಬ್ಬುವುದುಂಟು.

“ಡಾಕ್ಟ್ರೇ, ಸೂಜಿ ಹಾಕಿದ್ರೆ ಅದು ಹಬ್ಬುದಿಲ್ವಾ?” ಈ ಪ್ರಶ್ನೆ ಕೇಳದವರು ಕಡಿಮೆ. ಕುತ್ತಿಗೆ, ಥೈರಾಯ್ಡ್, ಸ್ತನದ ಗಡ್ಡೆಗಳಲ್ಲಿ ಸಣ್ಣ ಸೂಜಿಯಿಂದ ಹಾಗಾಗುವುದು ತೀರಾ ಅಪರೂಪ. ವೃಷಣದ ಗಡ್ಡೆಯಂಥ ಕೆಲವು ಕಡೆ ಸೂಜಿ ಹಾಕಬಾರದೆಂಬ ನಿಯಮವೇ ಉಂಟು, ಅಲ್ಲಿ ನಾವು ಹಾಕುವುದಿಲ್ಲ. ಹೆದರಿ ಆರು ತಿಂಗಳು ಮನೆಯಲ್ಲಿ ಕುಳಿತರೆ ಆಗುವ ಹಾನಿ ಮಾತ್ರ ನಾನು ಕಣ್ಣಾರೆ ಕಂಡದ್ದು.

ಸೂಜಿ ರಕ್ತ ತೆಗೆಯುವ ಸೂಜಿಗಿಂತ ದಪ್ಪವೇನಲ್ಲ, 23 ಗೇಜಿನದು. ಗಡ್ಡೆಯೊಳಗೆ ಹಿಂದೆ ಮುಂದೆ ಆಡಿಸಿ, ಸಿರಿಂಜಿನ ಎಳೆತ ಬಿಟ್ಟ ಮೇಲೆಯೇ ಹೊರಗೆ ತೆಗೆಯಬೇಕು. ಇಲ್ಲದಿದ್ದರೆ ಸಿಕ್ಕಿದ್ದೆಲ್ಲ ಸಿರಿಂಜಿನೊಳಗೆ ಹೋಗಿಬಿಡುತ್ತದೆ. ಗಾಜಿನ ಮೇಲೆ ಸವರಿದ ಕೆಲವು ಸ್ಲೈಡ್‌ಗಳನ್ನು ಹಸಿ ಇರುವಾಗಲೇ ಆಲ್ಕೋಹಾಲಿಗೆ ಅದ್ದುತ್ತೇನೆ, ಕೆಲವನ್ನು ಗಾಳಿಗೆ ಒಣಗಿಸುತ್ತೇನೆ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಈ ಒಣಗಿಸುವುದೇ ದೊಡ್ಡ ಕೆಲಸ. ನಿಧಾನವಾಗಿ ಒಣಗಿದ ಜೀವಕೋಶ ಮುದುಡಿ ರೂಪ ಕೆಡುತ್ತದೆ. ಅದಕ್ಕೆ ಮೇಜಿನ ಪಕ್ಕದಲ್ಲೇ ಸಣ್ಣ ಫ್ಯಾನ್ ಇಟ್ಟಿದ್ದೇನೆ. ಮೆಥನಾಲ್ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಅದು ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ. ಆಮೇಲೆ ರಕ್ತದ ಸ್ಲೈಡಿನಲ್ಲಿ ಕೆಂಪು ಕಣಗಳೆಲ್ಲ ತೂತು ಬಿದ್ದಂತೆ ಕಾಣುತ್ತವೆ. ಅದು ರೋಗವಲ್ಲ, ಮಳೆಗಾಲ. ಹೊಸದಾಗಿ ಸೇರಿದ ಟೆಕ್ನಿಷಿಯನ್‌ಗಳಿಗೆ ನಾನು ಮೊದಲು ಕಲಿಸುವುದು ಆ ಮುಚ್ಚಳ ಹಾಕುವುದನ್ನು.

ಸೂಜಿಯಲ್ಲಿ ಮೊಸರಿನಂಥ ದ್ರವ ಬಂದರೆ ಟಿಬಿಯ ಸಂಶಯ ಏಳುತ್ತದೆ. ಜೀಲ್-ನೀಲ್ಸನ್ ಬಣ್ಣ ಹಾಕಿದರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಾಣಬೇಕು. ಕಾಣಲಿಲ್ಲವೆಂದು ಟಿಬಿ ಇಲ್ಲ ಎನ್ನಲಾಗದು. ಒಂದು ಮಿಲಿಲೀಟರಿನಲ್ಲಿ ಐದು-ಹತ್ತು ಸಾವಿರ ರೋಗಾಣುಗಳಾದರೂ ಇದ್ದರೆ ಮಾತ್ರ ಅವು ಈ ವಿಧಾನದಲ್ಲಿ ಕಣ್ಣಿಗೆ ಬೀಳುತ್ತವೆ. ಅದಕ್ಕೇ ಸಲೈನಿನ ಬಾಟಲಿ. ಅದರಲ್ಲಿರುವುದು ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನಾಟ್ ಪರೀಕ್ಷೆಗೆ ಹೋಗುತ್ತದೆ. ಯಂತ್ರಕ್ಕೆ ಹಾಕಿದ ಎರಡು ಗಂಟೆಯಲ್ಲಿ ರೋಗಾಣು ಉಂಟೇ, ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್ ಅದಕ್ಕೆ ತಾಗುತ್ತದೆಯೇ ಎಂದು ಗೊತ್ತಾಗುತ್ತದೆ. ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಎನಿಸಿದರೆ ಸೂಜಿ ಸಾಲದು, ಇಡೀ ಗ್ರಂಥಿಯೇ ಬೇಕು. ಕಿತ್ತು ತಂದ ನಾಲ್ಕು ಮುರಕಲ್ಲು ನೋಡಿ ಮನೆಗೆ ಎಷ್ಟು ಕೋಣೆ ಎಂದು ಹೇಳಲಿಕ್ಕಾಗುವುದಿಲ್ಲವಲ್ಲ.

ಹೊಟ್ಟೆಯಲ್ಲಿ ನೀರು ತುಂಬಿದ್ದ ಒಬ್ಬ ಯುವತಿಯ ವಿಷಯ ಇಲ್ಲಿ ಹೇಳಬೇಕು. ಸಿಟಿ ಸ್ಕ್ಯಾನಿನಲ್ಲಿ ಅಂಡಾಶಯ ದಪ್ಪಗಿತ್ತು, ಕರುಳ ಮೇಲಿನ ಕೊಬ್ಬಿನ ಪದರ ಗಂಟುಗಂಟಾಗಿತ್ತು. ರಕ್ತದಲ್ಲಿ ಸಿಎ-125 ಎಂಬ ಪ್ರೋಟೀನ್ ಸಾಮಾನ್ಯವಾಗಿ 35ಕ್ಕಿಂತ ಕೆಳಗಿರಬೇಕಾದದ್ದು ನೂರುಗಟ್ಟಲೆ ಏರಿತ್ತು. ಅಂಡಾಶಯದ ಕ್ಯಾನ್ಸರ್ ಎಂದು ಮನೆಯವರೆಲ್ಲ ಒಳಗೊಳಗೇ ಒಪ್ಪಿಕೊಂಡಾಗಿತ್ತು. ಆದರೆ ಸಿಎ-125 ಏರಲು ಕ್ಯಾನ್ಸರೇ ಬೇಕೆಂದಿಲ್ಲ. ಹೊಟ್ಟೆಯ ಒಳಪೊರೆ ಯಾವ ಕಾರಣಕ್ಕೆ ಕೆರಳಿದರೂ ಅದು ಏರುತ್ತದೆ: ಟಿಬಿಯಲ್ಲಿ, ಎಂಡೊಮೆಟ್ರಿಯೋಸಿಸ್‌ನಲ್ಲಿ, ಕೆಲವರಲ್ಲಿ ಮುಟ್ಟಿನ ದಿನಗಳಲ್ಲಿ ಕೂಡ. ಲ್ಯಾಪರೋಸ್ಕೋಪಿಯಲ್ಲಿ ತೆಗೆದ ತುಂಡು ಎರಡು ಬಾಟಲಿಯಲ್ಲಿ ಬಂತು. ಸ್ಲೈಡಿನಲ್ಲಿ ನಡುವೆ ಸತ್ತ ಅಂಗಾಂಶ, ಸುತ್ತ ಗ್ರಾನ್ಯುಲೋಮಾ, ಅಂದರೆ ದೇಹದ ರಕ್ಷಣಾ ಕೋಶಗಳು ಒಟ್ಟುಗೂಡಿದ ಗಂಟು; ಕ್ಯಾನ್ಸರ್ ಕೋಶ ಒಂದೂ ಇರಲಿಲ್ಲ. ಸಲೈನಿನ ತುಂಡಿನಲ್ಲಿ ಟಿಬಿ ಖಚಿತವಾಯಿತು. ಅಂಡಾಶಯ ಕಳೆದುಕೊಂಡು ಕೀಮೋಥೆರಪಿಗೆ ಹೋಗಬೇಕಾಗಿದ್ದವರು ಆರು ತಿಂಗಳು ಮಾತ್ರೆ ತಿಂದು ಗುಣವಾದರು.

ಇದರಿಂದ ಸ್ಲೈಡೇ ಕೊನೆಯ ಮಾತು ಎಂದು ಯಾರೂ ತಿಳಿಯಬಾರದು. ಸೂಜಿ ಗಡ್ಡೆಯ ಪಕ್ಕಕ್ಕೆ ಹೋಗಿರಬಹುದು. ಸ್ತನದ ಗಡ್ಡೆಯಲ್ಲಿ ಕೈಗೆ ಸಿಕ್ಕಿದ್ದು, ಮ್ಯಾಮೋಗ್ರಾಂ ಕಂಡದ್ದು, ಸೂಜಿ ಹೇಳಿದ್ದು ಮೂರೂ ಹೊಂದಬೇಕು. ಮ್ಯಾಮೋಗ್ರಾಂನಲ್ಲಿ ಬೈರಾಡ್ಸ್ 5, ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ತುಂಬಾ ಹೆಚ್ಚು, ಎಂದಿದ್ದು ನನ್ನ ಸ್ಲೈಡಿನಲ್ಲಿ ತೊಂದರೆಯೇನೂ ಕಾಣದಿದ್ದರೆ ‘ಕ್ಯಾನ್ಸರ್ ಇಲ್ಲ’ ಎಂದು ಬರೆಯುವುದಿಲ್ಲ. ರೇಡಿಯಾಲಜಿಸ್ಟರಿಗೆ ಫೋನ್ ಮಾಡಿ, ಅಲ್ಟ್ರಾಸೌಂಡ್ ನೋಡಿಕೊಂಡು ದಪ್ಪ ಸೂಜಿಯಲ್ಲಿ ಕೋರ್ ಬಯಾಪ್ಸಿ ತೆಗೆಯಲು ಕೇಳುತ್ತೇನೆ.

ವರದಿ ಯಾಕೆ ತಡ ಎಂದು ಮನೆಯವರು ಸಿಟ್ಟಾಗುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಫಾರ್ಮಲಿನ್ ತುಂಡಿನೊಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್. ತುಂಡಿನ ಹತ್ತುಪಟ್ಟಾದರೂ ದ್ರವ ಬೇಕು. ಆಮೇಲೆ ಮೇಣದಲ್ಲಿ ಕೂರಿಸಿ, ಮೂರು-ನಾಲ್ಕು ಮೈಕ್ರಾನ್ ದಪ್ಪಕ್ಕೆ ಸೀಳಿ, ಬಣ್ಣ ಹಾಕಬೇಕು. ಅವಸರ ಮಾಡಿದರೆ ನಡುಭಾಗ ಹಸಿಯಾಗಿಯೇ ಉಳಿದು ಏನೂ ಓದಲಾಗುವುದಿಲ್ಲ.

ಆ ಮೇಣದ ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ. ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುವವರು ವರದಿಯ ಕಾಗದ ಮಾತ್ರ ಹಿಡಿದು ಹೊರಡಬೇಡಿ. ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಲ್ಯಾಬಿನಲ್ಲಿ ಕೇಳಿ, ಸಹಿ ಹಾಕಿ ತೆಗೆದುಕೊಳ್ಳಿ. ಅಲ್ಲಿನವರು ಅದೇ ಬ್ಲಾಕಿನಿಂದ ಹೊಸ ಸ್ಲೈಡ್ ಮಾಡಿ ಬೇರೆ ಪರೀಕ್ಷೆಗಳನ್ನು ಮಾಡಬಲ್ಲರು, ಎರಡನೇ ಸಲ ತುಂಡು ತೆಗೆಯುವುದು ಎಷ್ಟೋ ಸಲ ತಪ್ಪುತ್ತದೆ. ಬ್ಲಾಕನ್ನು ಗಟ್ಟಿ ಡಬ್ಬದಲ್ಲಿಡಿ. ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.