ದಾಲ್ ಮಿಲ್ಲಿನಲ್ಲಿ ಅಕ್ಷರ ಕಲಿಸಬೇಕಾ? ‘ಅ ಆ ಇ ಈ’ ಆಮೇಲೆ ನೋಡೋಣ

ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಮೊದಲ ಸಲ ಕೆಲಸಗಾರರಿಗೆ ಓದು ಬರಹದ ಕ್ಲಾಸ್ ಶುರು ಮಾಡಿದಾಗ ಗೋಡೆಗೆ ಅಕ್ಷರಮಾಲೆಯ ಚಾರ್ಟ್ ಅಂಟಿಸಿದ್ದೆ. ಅರಸ, ಆನೆ, ಇಲಿ, ಎಲ್ಲ ಚಿತ್ರ ಸಮೇತ. ಮೊದಲ ದಿನ 22 ಜನ ಬಂದರು. ಮೂರನೇ ವಾರಕ್ಕೆ ಐದೇ ಜನ. ಬಿಟ್ಟುಹೋದ ಒಬ್ಬ ಕಾಕಾರನ್ನು ಗೇಟಿನ ಹತ್ತಿರ ನಿಲ್ಲಿಸಿ ಕೇಳಿದೆ. “ಇಲಿ ಅಂತ ಓದ್ಲಾಕ ಕಲ್ತು ಏನ್ ಮಾಡ್ಲಿರಿ ಮೇಡಂ, ಗೋದಾಮಿನ್ಯಾಗ ದಿನಾ ನೋಡ್ತೀನಲ್ಲ” ಅಂದರು.

ಆ ಚಾರ್ಟ್ ಅವತ್ತೇ ಕಿತ್ತೆ. ಈಗ ನಾನು ಹೇಗೆ ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ. ಮಿಲ್ಲು, ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ, ಎಲ್ಲಿ ಕಲಿಸುವವರಿಗೂ ಇದು ಉಪಯೋಗಕ್ಕೆ ಬರಬಹುದು. ನಮ್ಮ ಕಡೆ ಈ ಕೆಲಸ ಬೇಕಾದಷ್ಟಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ರ ಮೇಲೆ ಇದ್ದರೆ ಕಲಬುರಗಿ ಶೇ. 65ರ ಹತ್ತಿರ ಇತ್ತು, ಯಾದಗಿರಿ ಶೇ. 52 ಕೂಡ ದಾಟಿರಲಿಲ್ಲ.

ಮೊದಲು ಕ್ಯಾಲೆಂಡರ್ ನೋಡಿ. ಡಿಸೆಂಬರ್‌ನಿಂದ ಹೊಸ ತೊಗರಿ ಗಂಜಿಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಬರುತ್ತದೆ, ಆಮೇಲೆ ಎರಡು ಮೂರು ತಿಂಗಳು ಯಾರಿಗೂ ಉಸಿರಾಡಲು ಪುರಸೊತ್ತಿಲ್ಲ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ, ಅದರ ಹಿಂದೆಯೇ ಬಿಸಿಲು. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಕೂತು ನೀವೇ ಒಂದು ಪುಟ ಓದಿ ನೋಡಿ, ಗೊತ್ತಾಗುತ್ತದೆ. ಮಳೆಗಾಲದಿಂದ ದೀಪಾವಳಿವರೆಗೆ ನನಗೆ ಸರಿಹೋಗಿದೆ.

ಮಾಲೀಕರ ಹತ್ತಿರ ‘ಸಾಕ್ಷರತೆ’ ಅಂತ ಮಾತು ತೆಗೆಯಬೇಡಿ, ಚಹಾ ಕುಡಿಸಿ ಕಳಿಸುತ್ತಾರೆ ಅಷ್ಟೇ. ತಪ್ಪು ಲೇಬಲ್ ಅಂಟಿ ಲೋಡ್ ಆದ ಚೀಲ, ಬೆರಕೆಯಾದ ಲಾಟ್, ನಡೆಯುತ್ತಿರುವ ಮಷಿನ್ನಿಗೆ ಕೈ ಹಾಕಿದ ಹೊಸ ಹುಡುಗ, ಇಂಥದ್ದು ಹೇಳಿ. ಕೇಳಬೇಕಾದ್ದು ಒಂದೇ: ದಿನಕ್ಕೆ 40 ನಿಮಿಷ, ಅದರಲ್ಲಿ ಅರ್ಧವಾದರೂ ಪಾಳಿಯ ಒಳಗೆ, ಪಗಾರ ಕತ್ತರಿಸದೆ. ಇದರಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಪಾಳಿ ಮುಗಿದ ಮೇಲೆ ಹೆಂಗಸರು ಓಡುವುದು ಮನೆಗೆ, ಒಲೆ ಹಚ್ಚಲು. ಸಂಜೆ ಆರಕ್ಕೆ ಕ್ಲಾಸ್ ಇಟ್ಟು ‘ಹೆಂಗಸರು ಬರೋದೇ ಇಲ್ಲ’ ಅಂತ ವರದಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಯಾರಿಗೆ ಎಷ್ಟು ಗೊತ್ತಿದೆ ಅಂತ ತಿಳಿಯಲು ಪರೀಕ್ಷೆ ಬೇಡ. ಸುಮ್ನೆ ಒಂದು ಚೀಲದ ಲೇಬಲ್ ಕೈಗೆ ಕೊಟ್ಟು, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು, “ಇದರಲ್ಲಿ ಏನೇನು ಗೊತ್ತಾಗುತ್ತೆ ಅಕ್ಕಾ?” ಅಂತ ಕೇಳಿ. ಒಬ್ಬರು ಅಂಕಿ ಹೇಳುತ್ತಾರೆ, ಇನ್ನೊಬ್ಬರು ಬಣ್ಣ ನೋಡಿ ಯಾವ ಬೇಳೆ ಅಂತ ಹೇಳುತ್ತಾರೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಸಹಿ ಮಾಡುತ್ತಾರೆ ಅಂದ ಮಾತ್ರಕ್ಕೆ ಓದು ಬರುತ್ತದೆ ಅಂದುಕೊಳ್ಳಬೇಡಿ, ಬಹಳ ಜನ ಹೆಸರನ್ನು ರಂಗೋಲಿ ಥರ ಬಿಡಿಸುತ್ತಾರೆ. ಹೆಸರಿನ ಮಧ್ಯದ ಒಂದು ಅಕ್ಷರ ಬೇರೆ ಬರೆದು ತೋರಿಸಿದರೆ ಗುರುತು ಹತ್ತುವುದಿಲ್ಲ. ಕೆಲಸ ಮಾಡಿಸುವ ಮುಕಾದಮರಿಗೆ ಮೊದಲೇ ಹೇಳಿಬಿಡಿ, ‘ಹೆಬ್ಬೆಟ್ಟು’ ಅಂತ ಒಂದು ಜೋಕ್ ಬಿದ್ದರೆ ಮರುದಿನ ಆ ಜಾಗ ಖಾಲಿ.

ಕಣ್ಣು! ಇದನ್ನು ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಂಜಾಗುವುದು ಮಾಮೂಲು. ಅವರಿಗೆ ಅದು ಗೊತ್ತೇ ಇರುವುದಿಲ್ಲ, ಯಾಕಂದರೆ ಅಲ್ಲಿವರೆಗೆ ಅಷ್ಟು ಸಣ್ಣದನ್ನು ನೋಡುವ ಕೆಲಸವೇ ಬಿದ್ದಿಲ್ಲ. ನನ್ನ ಕ್ಲಾಸಿನಲ್ಲಿ ಒಬ್ಬ ಅಕ್ಕ ಒಂದು ತಿಂಗಳು ತಲೆ ತಗ್ಗಿಸಿ ಕೂತಿದ್ದರು, ‘ನನ್ನ ತೆಲಿಗಿ ಹತ್ತಂಗಿಲ್ರಿ’ ಅನ್ನುತ್ತಿದ್ದರು. ಒಂದು ದಿನ ಸೂಜಿಗೆ ದಾರ ಪೋಣಿಸಲು ಕೊಟ್ಟೆ, ಆಗಲಿಲ್ಲ. ಕನ್ನಡಕ ಬಂದ ವಾರವೇ ‘ದರ’ ಅಂತ ಓದಿದರು. ಹಾಗಾಗಿ ಮೊದಲ ವಾರವೇ ಎಲ್ಲರಿಗೂ ಕಣ್ಣಿನ ತಪಾಸಣೆ ಮಾಡಿಸಿ, ಪಾಟಿ ಪುಸ್ತಕ ಆಮೇಲೆ ತಂದರೂ ನಡೆಯುತ್ತದೆ.

ಈಗ ಅಕ್ಷರ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಕಲಿಸುವ ನಲಿ ಕಲಿ ಪದ್ಧತಿಯಲ್ಲಿ ‘ರ ಗ ಸ ದ ಅ’ ಅಂತ ಶುರುವಾಗುತ್ತದಲ್ವಾ, ಆ ಉಪಾಯ ಇಲ್ಲಿಗೂ ಸರಿ. ಸುಲಭವಾಗಿ ಬರೆಯಬಹುದಾದ ಅಕ್ಷರ ಮೊದಲು, ಕೂಡಲೇ ಅದರಿಂದ ಪದ. ಆದರೆ ಅಗಸ, ಅರಸ ಬಿಡಿ, ‘ದರ’ ಹಿಡಿಯಿರಿ. ಗಂಜಿನಲ್ಲಿ ದಿನವೂ ಬಾಯಲ್ಲಿರುವ ಮಾತು ಅದು. ಮುಂದಿನ ಗುಂಪಿನ ಜ, ವ, ನ ಬಂದರೆ ‘ವಜನ’ ಆಯಿತು. ಇಲ್ಲಿ ತೂಕ ಅನ್ನುವುದಕ್ಕಿಂತ ವಜನ ಅನ್ನುವವರೇ ಜಾಸ್ತಿ, ಮತ್ತೆ ಒಂದು ಕಾಗುಣಿತವೂ ಇಲ್ಲದ ಪದ, ಇದಕ್ಕಿಂತ ಇನ್ನೇನು ಬೇಕು? ಆಮೇಲೆ ‘ಪಗಾರ’, ಅಲ್ಲಿ ಮೊದಲ ದೀರ್ಘ ಸಿಗುತ್ತದೆ. ‘ಹಾಜರಿ’ಯಲ್ಲಿ ಗುಡಿಸು. ‘ಚೀಲ’, ‘ಚಾಲು’, ‘ಬಂದ್’. ಪ್ರತಿ ಕಾಗುಣಿತದ ಚಿಹ್ನೆಯೂ ಕೆಲಸದ ಒಂದು ಪದದ ಹೆಗಲೇರಿ ಬರುತ್ತದೆ. ‘ತೊಗರಿ’ ಮತ್ತು ‘ಬೇಳೆ’ಯನ್ನು ಮೊದಲ ದಿನವೇ ಕಲಿಸುವ ಆಸೆ ನಿಮಗೂ ಆಗುತ್ತದೆ, ನನಗೂ ಆಗಿತ್ತು. ತಡೆಯಿರಿ. ಒ-ಕಾರ, ಏ-ಕಾರ ಎರಡೂ ಕೈಗೆ ಕಷ್ಟ. ಸದ್ಯಕ್ಕೆ ಅವನ್ನು ಇಡೀ ಪದವಾಗಿ ಗುರುತು ಹಿಡಿದರೆ ಸಾಕು, ಒತ್ತಕ್ಷರದ ‘ಎಚ್ಚರಿಕೆ’ಯೂ ಹಾಗೆಯೇ.

ಕೆಲಸದ ಪದದಿಂದ ಅಕ್ಷರಕ್ಕೆ ಹೋಗುವುದು ನನ್ನ ಪತ್ತೆಯೇನಲ್ಲ. ಬ್ರೆಜಿಲ್‌ನಲ್ಲಿ ಶಿಕ್ಷಣ ಚಿಂತಕ ಪೌಲೊ ಫ್ರೇರೆ 1963ರಲ್ಲಿ ಅಂಗಿಕೋಸ್ ಅನ್ನುವ ಊರಿನಲ್ಲಿ ಸುಮಾರು 300 ಜನ ದೊಡ್ಡವರಿಗೆ ಹೀಗೇ ಕಲಿಸಿದ್ದರು, ಅವರವರ ಬದುಕಿನ ಪದ ಹೆಕ್ಕಿ.

ನೋಟ್‌ಬುಕ್ ತಡವಾಗಿ ಕೊಡಿ. ವರ್ಷಗಟ್ಟಲೆ ಚೀಲ ಹೊತ್ತ ಕೈಗೆ ಸಣ್ಣ ಪೆನ್ನು ನಿಲ್ಲುವುದಿಲ್ಲ, ಪುಟ ಹರಿಯುತ್ತದೆ, ನಾಚಿಕೆಯಾಗುತ್ತದೆ. ನಮ್ಮಲ್ಲಿ ಎಲ್ಲ ಕಡೆ ಶಹಾಬಾದಿ ಫರಸಿ (ಕಲ್ಲಿನ ಹಾಸು) ಇದ್ದೇ ಇದೆ. ಸೀಮೆಸುಣ್ಣ ಕೊಟ್ಟು ನೆಲದ ಮೇಲೆ ಒಂದೊಂದು ಫರಸಿಗೆ ಒಂದೊಂದು ಅಕ್ಷರ, ದೊಡ್ಡದಾಗಿ. ತಪ್ಪಾದರೆ ಅಂಗೈಯಿಂದ ಒರೆಸಿದರಾಯಿತು.

ಲೆಕ್ಕದಲ್ಲಿ ಅವರು ನಿಮಗಿಂತ ಚುರುಕು, ಬಾಯಿಲೆಕ್ಕ ಕಲಿಸಲು ಹೋಗಬೇಡಿ. ಕಲಿಸಬೇಕಾದ್ದು ಬರೆದ ಅಂಕಿ ಓದುವುದು. ಎಲೆಕ್ಟ್ರಾನಿಕ್ ಕಾಟಾದ (ತಕ್ಕಡಿಯ) ಅಂಕಿ ಬರಿ ಗೆರೆ. ಅದರಲ್ಲಿ 2 ಮತ್ತು 5 ಕನ್ನಡಿಯಲ್ಲಿ ನೋಡಿದ ಹಾಗೆ, 6 ಮತ್ತು 9 ತಲೆಕೆಳಗೆ. ಬೆಂಕಿಕಡ್ಡಿ ಜೋಡಿಸಿ ಆಡಿಸಿ, ಎರಡು ದಿನದಲ್ಲಿ ಬರುತ್ತದೆ.

ಮನೆಯಲ್ಲಿ ದಖನಿ, ಲಂಬಾಣಿ, ತೆಲುಗು ಮಾತಾಡುವವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಪದ ಬರೆಯುವ ಮೊದಲು “ನೀವು ಇದಕ್ಕೆ ಏನಂತೀರಿ?” ಅಂತ ಕೇಳಿ, ಅವರ ಪದವನ್ನೂ ಕನ್ನಡ ಲಿಪಿಯಲ್ಲೇ ಪಕ್ಕಕ್ಕೆ ಬರೆಯಿರಿ.

ಮೂರನೇ ತಿಂಗಳಿಗೆ ಪಗಾರದ ಚೀಟಿ ತನ್ನಿ. ಅಲ್ಲಿಂದ ಹಾಜರಾತಿ ತಾನೇ ಏರುತ್ತದೆ. ಲೆಕ್ಕ ಹೀಗೆ ಇಡಿ: ಮೂಲ ವೇತನ, ಡಿಎ (ತುಟ್ಟಿಭತ್ಯೆ) ಸೇರಿ 12,000 ರೂಪಾಯಿ, ಬೇರೇನೂ ಇಲ್ಲ. ಪಿಎಫ್ (ಭವಿಷ್ಯ ನಿಧಿ) ಶೇ. 12, ಅಂದರೆ 1,440. ಇಎಸ್ಐ (ಕಾರ್ಮಿಕರ ವಿಮೆ) ಶೇ. 0.75, ಅಂದರೆ 90. ಕೈಗೆ 10,470. ಇಎಸ್ಐಗೆ ಮಾಲೀಕರು ಬೇರೆಯಾಗಿ ಶೇ. 3.25 ಕಟ್ಟಬೇಕು, ಪಿಎಫ್‌ಗೂ ಅವರ ಪಾಲು ಶೇ. 12 ಇದೆ ಅಂದಾಗ ಕ್ಲಾಸಿನಲ್ಲಿ ಗದ್ದಲ ಏಳುತ್ತದೆ, ಏಳಲಿ. ಸೇಡಂ ರಸ್ತೆಯ ಇಎಸ್ಐ ಆಸ್ಪತ್ರೆ ಎಲ್ಲರಿಗೂ ಗೊತ್ತು, ಅದಕ್ಕೂ ತಮ್ಮ ಚೀಟಿಯ ಆ 90 ರೂಪಾಯಿಗೂ ಸಂಬಂಧ ಇದೆ ಅನ್ನುವುದು ಬಹಳ ಜನಕ್ಕೆ ಅವತ್ತೇ ಗೊತ್ತಾಗುವುದು. ಪಿಎಫ್ ಖಾತೆಯ ನಂಬರ್ ಯುಎಎನ್ 12 ಅಂಕಿ, ಆಧಾರ್ ಕೂಡ 12 ಅಂಕಿ, ಎರಡನ್ನೂ ಬೇರೆ ಬೇರೆ ಗುರುತು ಹಿಡಿಯಲು ಕಲಿಸಿ. ಹೆಸರು, ಹುಟ್ಟಿದ ದಿನಾಂಕ ಎರಡು ಕಡೆಯೂ ಒಂದೇ ಇದೆಯಾ ಅಂತ ತಾವೇ ಬೆರಳಿಟ್ಟು ನೋಡಲಿ. ಇಲ್ಲಿ ತಾಳೆಯಾಗದಿದ್ದರೆ ಪಿಎಫ್ ದುಡ್ಡು ತೆಗೆಯುವಾಗ ಅಲೆದಾಡುವವರು ಅವರೇ.

ಸರ್ಟಿಫಿಕೇಟ್ ಬೇಕು ಅನ್ನುವವರಿಗೆ ಕೇಂದ್ರದ ಉಲ್ಲಾಸ್ ಅನ್ನುವ ಸಾಕ್ಷರತೆ ಯೋಜನೆ ಇದೆ, 2022ರಿಂದ. 15 ವರ್ಷ ಮೇಲ್ಪಟ್ಟ ಯಾರನ್ನಾದರೂ ಸೇರಿಸಬಹುದು, ಓದು, ಬರಹ, ಲೆಕ್ಕ ಮೂರರಲ್ಲೂ ಪರೀಕ್ಷೆ ಇರುತ್ತದೆ. ಒತ್ತಾಯ ಮಾಡಬೇಡಿ. ಆ ಕನ್ನಡಕದ ಅಕ್ಕ ಪರೀಕ್ಷೆಗೆ ಬರುವುದಿಲ್ಲ ಅಂದುಬಿಟ್ಟರು. ಆದರೆ ಪಗಾರದ ದಿನ ಗೇಟಿನ ಹತ್ತಿರ ಇಬ್ಬರು ಮೂವರು ಹೆಂಗಸರು ಚೀಟಿ ಹಿಡಿದು ಅವರ ಸುತ್ತ ನಿಂತಿರುತ್ತಾರೆ.