ಉತ್ತರಿಸದಿದ್ದರೆ ಒಪ್ಪಿದಂತೆ: ಫೆಡರಲ್ ಸಿವಿಲ್ ದಾವೆ ನಡೆಸುವಾಗಿನ ನನ್ನ ಅನುಭವ

ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಕಂಪ್ಲೇಂಟ್ ಅಂದರೆ ಪೊಲೀಸ್ ದೂರಲ್ಲ, ಊರ ಕಡೆಯ, ಅಂದರೆ ಭಾರತದ, ವಾದಪತ್ರ. ಪ್ರತಿವಾದಿ ಕೊಡುವ ಆನ್ಸರ್ ನಮ್ಮ ಲಿಖಿತ ಹೇಳಿಕೆಗೆ ಸಮ. ಊರಲ್ಲಿ ಅದಕ್ಕೆ 30 ದಿನ, ಕೋರ್ಟು ಮನಸ್ಸು ಮಾಡಿದರೆ 90 ದಿನ. ಇಲ್ಲಿ ಸಮನ್ಸ್ ಜಾರಿಯಾದ ಮೇಲೆ 21 ದಿನ.

ಹಾಗಾಗಿ ಕಂಪ್ಲೇಂಟ್ ಓದುವ ಮೊದಲೇ ಕೊನೆಯ ದಿನಾಂಕವನ್ನು ಅದರ ಮೊದಲ ಪುಟದ ಮೇಲೆ ಬರೆದುಕೊಳ್ಳುತ್ತೇನೆ. ಲೆಕ್ಕ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳ ರೂಲ್ 6ರದು (ಮುಂದೆ ಬರುವ ರೂಲ್‌ಗಳೂ ಅವೇ). 2025ರ ಜೂನ್ 13, ಶುಕ್ರವಾರ ಸಮನ್ಸ್ ಜಾರಿಯಾಯಿತು ಅನ್ನಿ. ಆ ದಿನ ಬಿಟ್ಟು ಎಣಿಸಿದರೆ 21ನೇ ದಿನ ಜುಲೈ 4. ಅಂದು ರಜೆ, ಆಮೇಲೆ ಶನಿವಾರ, ಭಾನುವಾರ. ಗಡುವು ಜುಲೈ 7ರ ಸೋಮವಾರಕ್ಕೆ ಹೋಗುತ್ತದೆ. ನಡುವೆ ಬರುವ ರಜೆಗಳನ್ನು ಕಳೆಯುವಂತಿಲ್ಲ, ಕೊನೆಯ ದಿನದ ರಜೆಗೆ ಮಾತ್ರ ವಿನಾಯಿತಿ. ಆನ್‌ಲೈನ್ ಫೈಲಿಂಗ್‌ಗೆ ಸಾಮಾನ್ಯವಾಗಿ ಆ ಕೋರ್ಟಿನ ಊರಿನ ನಡುರಾತ್ರಿಯವರೆಗೆ ಅವಕಾಶ. ಕ್ಯಾಲಿಫೋರ್ನಿಯಾದ ಕೋರ್ಟಾದರೆ ಬೇಸಿಗೆಯಲ್ಲಿ ಅದು ಬೆಂಗಳೂರಿನ ಮರುದಿನ ಮಧ್ಯಾಹ್ನ 12:30. ಕೆಲವು ಕೋರ್ಟುಗಳ ಸ್ಥಳೀಯ ನಿಯಮ ಸಂಜೆಗೇ ಬಾಗಿಲು ಹಾಕುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ಪ್ರತಿವಾದಿ ಬೆಂಗಳೂರಿನ ಕಂಪನಿಯಾದರೆ ಮಾತೇ ಬೇರೆ. ಕೋರ್ಟು ಕಾಗದಗಳನ್ನು ಬೇರೆ ದೇಶದಲ್ಲಿ ಜಾರಿ ಮಾಡುವ ಹೇಗ್ ಒಪ್ಪಂದದಡಿ ಅಂಚೆಯಲ್ಲಿ ಸಮನ್ಸ್ ಕಳಿಸುವುದಕ್ಕೆ ಭಾರತ ಆಕ್ಷೇಪ ಸಲ್ಲಿಸಿದೆ. ಕೇಂದ್ರ ಕಾನೂನು ಸಚಿವಾಲಯದ ಮೂಲಕವೇ ಬರಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೇ ವಾದಿಗಳು ರೂಲ್ 4ರ ವೇವರ್ ಪತ್ರ (ವಿಧಿವತ್ತಾದ ಸಮನ್ಸ್ ಜಾರಿ ಬೇಡ ಎಂಬ ಒಪ್ಪಿಗೆ) ಕಳಿಸಿ ಸಹಿ ಕೇಳುತ್ತಾರೆ. ಸಹಿ ಹಾಕಿದರೆ, ಪತ್ರ ಕಳಿಸಿದ ದಿನದಿಂದ 60 ದಿನ, ವಿದೇಶದವರಿಗೆ 90 ದಿನ ಸಿಗುತ್ತದೆ. ಸಹಿ ಹಾಕಿದ ಮಾತ್ರಕ್ಕೆ 'ಈ ಕೋರ್ಟಿಗೆ ನಮ್ಮ ಮೇಲೆ ಅಧಿಕಾರವಿಲ್ಲ' ಎಂಬ ತಕರಾರು ಹೋಗುವುದಿಲ್ಲ. ಆದರೆ ರೂಲ್ 12ರ ಅಡಿ ಹಾಕುವ ಮೊದಲ ಅರ್ಜಿಯಲ್ಲಿ ಆ ತಕರಾರನ್ನು ಬಿಟ್ಟರೆ ಅದು ಹೋದ ಹಾಗೆಯೇ.

ಆನ್ಸರ್ ಬರೆಯಲು ಎರಡು ಕಾಲಂ ಹಾಕುತ್ತೇನೆ. ಎಡಕ್ಕೆ ಕಂಪ್ಲೇಂಟಿನ ಒಂದೊಂದು ವಾಕ್ಯ, ಬಲಕ್ಕೆ ಮೂರರಲ್ಲಿ ಒಂದು ಉತ್ತರ: ಒಪ್ಪಿದೆ, ಅಲ್ಲಗಳೆದಿದೆ, ಹೇಳುವಷ್ಟು ಮಾಹಿತಿ ಇಲ್ಲ. ಪ್ಯಾರಾ 14 ಹೀಗಿದೆ ಅಂದುಕೊಳ್ಳಿ: 'ಪ್ರತಿವಾದಿ ಮಾರ್ಚ್‌ನಲ್ಲಿ ಸರಕು ಪಡೆದು, ಅದು ಕೆಟ್ಟಿದೆ ಎಂದು ಗೊತ್ತಿದ್ದೂ ಮಾರಿದರು.' ಇಡೀ ಪ್ಯಾರಾವನ್ನು ಅಲ್ಲಗಳೆದರೆ ಸರಕು ಪಡೆದ ರಸೀದಿ ನಾಳೆ ನಮ್ಮ ಮುಖಕ್ಕೇ ಬರುತ್ತದೆ. 'ಮಾರ್ಚ್‌ನಲ್ಲಿ ಸರಕು ಪಡೆದದ್ದನ್ನು ಒಪ್ಪಿದೆ, ಉಳಿದುದನ್ನು ಅಲ್ಲಗಳೆದಿದೆ' ಎಂದು ಸೀಳಿ ಬರೆಯಬೇಕು. 'ಆ ದಾಖಲೆಯನ್ನೇ ಓದಿಕೊಳ್ಳಿ' ಎಂಬ ಧಾಟಿಯ ಉತ್ತರ ಇಲ್ಲಿನ ವಕೀಲರ ಹಳೇ ಚಾಳಿ. ಮೂರು ಉತ್ತರಗಳಲ್ಲಿ ಅದು ಯಾವುದೂ ಅಲ್ಲ, ಜಡ್ಜ್ ಅದನ್ನು ಒಪ್ಪಿಗೆ ಎಂದೇ ಓದಬಹುದು. ರೂಲ್ 8ರ ಪ್ರಕಾರ ಅಲ್ಲಗಳೆಯದ್ದು ಒಪ್ಪಿದಂತೆ, ನಷ್ಟದ ಮೊತ್ತವೊಂದನ್ನು ಬಿಟ್ಟು. ನಮ್ಮದೇ ಆಫೀಸಿನಲ್ಲಿ ನಡೆದದ್ದಕ್ಕೆ 'ಮಾಹಿತಿ ಇಲ್ಲ' ಅನ್ನುವುದೂ ನಡೆಯದು.

ವಾದಿಯ ಕಡೆ ಇದ್ದರೆ ಎಚ್ಚರ ಬೇರೆ ಕಡೆ ಬೇಕು. ಅಮೆರಿಕದ ಸುಪ್ರೀಂ ಕೋರ್ಟಿನ 2007ರ ಟ್ವಾಂಬ್ಲಿ, 2009ರ ಇಕ್ಬಾಲ್ ತೀರ್ಪುಗಳಾದ ಮೇಲೆ ಬರೀ ಆರೋಪ ಸಾಲದು, ನಂಬಲು ಆಸ್ಪದ ಕೊಡುವ ಸಂಗತಿಗಳು ಬೇಕು. ಮೋಸದ ಆರೋಪಕ್ಕೆ ಯಾರು, ಏನು, ಎಲ್ಲಿ, ಯಾವಾಗ, ಹೇಗೆ ಎಲ್ಲವೂ ಇರಬೇಕು.

ಇನ್ನು ಡಿಸ್ಕವರಿ, ಅಂದರೆ ವಿಚಾರಣೆಗೆ ಮುಂಚೆ ಎರಡೂ ಕಡೆಯವರು ಪರಸ್ಪರರಿಂದ ಮಾಹಿತಿ, ದಾಖಲೆ ಕೇಳಿ ಪಡೆಯುವ ಹಂತ. ಎರಡೂ ಕಡೆಯ ವಕೀಲರು ರೂಲ್ 26(ಎಫ್) ಮಾತುಕತೆ ಮುಗಿಸುವವರೆಗೆ ಸಾಮಾನ್ಯವಾಗಿ ಏನನ್ನೂ ಕೇಳುವಂತಿಲ್ಲ. ಅದಾದ 14 ದಿನದೊಳಗೆ ಸಾಕ್ಷಿಗಳ ಹೆಸರು, ದಾಖಲೆಗಳ ವಿವರ, ನಷ್ಟದ ಲೆಕ್ಕವನ್ನು ಯಾರೂ ಕೇಳದೆಯೇ ಕೊಡಬೇಕು. ಇಲ್ಲಿ ಬಿಟ್ಟ ಸಾಕ್ಷಿಯನ್ನು ಸರಿಯಾದ ಕಾರಣವಿಲ್ಲದೆ ವಿಚಾರಣೆಯಲ್ಲಿ ನಿಲ್ಲಿಸಲು ಹೋದರೆ ರೂಲ್ 37 ಅಡ್ಡ ಬರುತ್ತದೆ.

ಇಂಟರಾಗೇಟರಿ, ಅಂದರೆ ಪ್ರಮಾಣ ಮಾಡಿ ಉತ್ತರಿಸಬೇಕಾದ ಲಿಖಿತ ಪ್ರಶ್ನೆಗಳು, ಒಬ್ಬರು ಇನ್ನೊಬ್ಬರಿಗೆ 25 ಕೇಳಬಹುದು. ಉಪಪ್ರಶ್ನೆ ಬೇರೆ ವಿಷಯದ್ದಾದರೆ ಅದೂ ಲೆಕ್ಕಕ್ಕೆ ಬರುತ್ತದೆ. 'ಒಪ್ಪಂದಕ್ಕೆ ಸಹಿ ಹಾಕಿದವರ ಹೆಸರು, ಹುದ್ದೆ' ಒಂದೇ ಪ್ರಶ್ನೆ, ಅದಕ್ಕೆ 'ನಷ್ಟವನ್ನು ಹೇಗೆ ಲೆಕ್ಕ ಹಾಕಿದಿರಿ' ಎಂದು ಬಾಲ ಕಟ್ಟಿದರೆ ಎರಡು. ಡೆಪೊಸಿಷನ್, ಅಂದರೆ ವಿಚಾರಣೆಗೆ ಮುಂಚೆ ಪ್ರಮಾಣ ಮಾಡಿಸಿ ಬಾಯಿಮಾತಿನಲ್ಲಿ ಪ್ರಶ್ನಿಸುವುದು, ಒಂದು ಕಡೆಗೆ 10, ಪ್ರತಿಯೊಂದೂ ಒಂದೇ ದಿನ, 7 ಗಂಟೆ.

ನಾನು ಹೆಚ್ಚು ಹೆದರುವುದು ರೂಲ್ 36ಕ್ಕೆ. 'ಈ ಸಹಿ ನಿಮ್ಮದೇ ಎಂದು ಒಪ್ಪಿಕೊಳ್ಳಿ' ಎಂಬಂಥ ಸಾಲುಗಳ ಪಟ್ಟಿ ಬರುತ್ತದೆ. ಅಂಚೆಯಲ್ಲಿ ಬಂದರೆ 33 ದಿನ, ಇಮೇಲಿನಲ್ಲಾದರೆ 30. ಅಷ್ಟರಲ್ಲಿ ಉತ್ತರ ಹೋಗದಿದ್ದರೆ ಎಲ್ಲವೂ ಒಪ್ಪಿದಂತೆ. ಕೋರ್ಟು ಯಾರನ್ನೂ ಎಚ್ಚರಿಸುವುದಿಲ್ಲ, ಯಾಕೆಂದರೆ ಆ ಪಟ್ಟಿ ಕೋರ್ಟಿಗೆ ಫೈಲ್ ಆಗಿರುವುದೇ ಇಲ್ಲ. ಹಿಂದಕ್ಕೆ ಪಡೆಯಲು ಅರ್ಜಿ ಹಾಕಬಹುದು, ಕೊಡುವುದು ಬಿಡುವುದು ಜಡ್ಜ್ ಕೈಯಲ್ಲಿ.

ದಾಖಲೆ ಕೊಡುವಾಗ ಆಕ್ಷೇಪ ಹಾಕಿದರೆ, ಅದರಿಂದ ಏನಾದರೂ ತಡೆಹಿಡಿದಿದ್ದೀರಾ ಇಲ್ಲವಾ ಎಂದು 2015ರಿಂದ ಹೇಳಲೇಬೇಕು. ಎಕ್ಸೆಲ್ ಫೈಲನ್ನು ಚಿತ್ರವಾಗಿ ಕೊಟ್ಟರೆ ಸೂತ್ರಗಳು ಕಾಣುವುದಿಲ್ಲ, ಜಗಳ ಖಚಿತ. ಮೂಲ ರೂಪದಲ್ಲೇ ಕೊಡುತ್ತೇನೆ. ಗೌಪ್ಯ ಸಾಲಿನ ಮೇಲೆ ಕಪ್ಪು ಪಟ್ಟಿ ಎಳೆದ ಪಿಡಿಎಫ್‌ಅನ್ನು ಕಳಿಸುವ ಮೊದಲು ಆ ಜಾಗವನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡುತ್ತೇನೆ. ಅಕ್ಷರ ಕಂಡರೆ ಪಟ್ಟಿ ಬರೀ ಬಣ್ಣ. ಇಷ್ಟರ ಮೇಲೂ ಕಕ್ಷಿದಾರ–ವಕೀಲರ ನಡುವಿನ ಪತ್ರ ಕೈತಪ್ಪಿ ಹೋಗಬಹುದೆಂದು, ಹಾಗೆ ಹೋದರೂ ಅದರ ಗೌಪ್ಯತೆಯ ಹಕ್ಕು ಕಳೆಯದು ಎನ್ನುವ, ಫೆಡರಲ್ ಸಾಕ್ಷ್ಯ ನಿಯಮ 502(ಡಿ) ಅಡಿಯ ಆದೇಶವನ್ನು ಮೊದಲ ಪುಟ ಕಳಿಸುವ ಮುನ್ನವೇ ಜಡ್ಜ್ ಸಹಿಯೊಂದಿಗೆ ಪಡೆದಿಟ್ಟುಕೊಳ್ಳುತ್ತೇನೆ.